ಯುದ್ಧದಲ್ಲಿ ಸುಳ್ಳು ಹೆಸರಿನಲ್ಲಿ ಬದುಕಿದ ಹುಡುಗ, ಆಮೇಲೆ ಕಮ್ಯುನಿಸ್ಟ್ ಹಂಗೇರಿಯಲ್ಲಿ ಹೇಗಿದ್ದ? (ಆಂಡಿ ಗ್ರೋವ್ ಬಗ್ಗೆ)

ಚಿಪ್‌ಹುಡುಗ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಾನು ಚಿಪ್ ಡಿಸೈನ್ ಕೆಲಸದಲ್ಲಿ ಇರುವವನು. ನಮ್ಮ ಫೀಲ್ಡಿನಲ್ಲಿ ಆಂಡಿ ಗ್ರೋವ್ ಹೆಸರು ಕೇಳದವರು ಇಲ್ಲ. ಇಂಟೆಲ್ ಕಂಪನಿಯನ್ನು ಮೆಮೊರಿ ಚಿಪ್‌ನಿಂದ ಪ್ರೊಸೆಸರ್ ಕಡೆ ತಿರುಗಿಸಿದವರಲ್ಲಿ ಮುಖ್ಯರು. 1987ರಿಂದ 1998ರವರೆಗೆ ಸಿಇಒ. 1997ರಲ್ಲಿ ಟೈಮ್ ಪತ್ರಿಕೆಯ ವರ್ಷದ ವ್ಯಕ್ತಿ. ನನಗೆ ಗೊತ್ತಿದ್ದದ್ದು ಇಷ್ಟೇ. ಅವರು 2001ರಲ್ಲಿ ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕ ಈಗ ಓದಿ ಮುಗಿಸಿದೆ. ನಿದ್ದೆ ಕೆಡಿಸಿತು.

ಅವರ ನಿಜವಾದ ಹೆಸರು ಆಂಡ್ರಾಶ್ ಗ್ರೋಫ್. ಹುಟ್ಟಿದ್ದು 1936ರಲ್ಲಿ, ಬುಡಾಪೆಸ್ಟ್‌ನ ಯಹೂದಿ ಮನೆಯಲ್ಲಿ. ನಾಲ್ಕನೇ ವಯಸ್ಸಿಗೆ ಸ್ಕಾರ್ಲೆಟ್ ಫೀವರ್ ಬಂದು ಕಿವಿ ಹಾಳಾಯಿತು. 1942ರಲ್ಲಿ ಅಪ್ಪನನ್ನು ಸೇನೆಯ ಕೂಲಿ ಪಡೆಗೆ ಹಿಡಿದುಕೊಂಡು ಹೋದರು. ಮುಂದಿನ ವರ್ಷ 'ಕಾಣೆಯಾಗಿದ್ದಾರೆ' ಅಂತ ಸುದ್ದಿ ಬಂತು. 1944ರಲ್ಲಿ ಅಮ್ಮ ಸುಳ್ಳು ಕಾಗದಪತ್ರ ಮಾಡಿಸಿ, ಮಗನಿಗೆ ಮಲೆಶೆವಿಚ್ ಅನ್ನೋ ಬೇರೆ ಮನೆತನದ ಹೆಸರು ಬಾಯಿಪಾಠ ಮಾಡಿಸಿ, ಪರಿಚಯದವರ ಆಸರೆಯಲ್ಲಿ ಬಚ್ಚಿಟ್ಟರು. ಎಂಟು ವರ್ಷದ ಹುಡುಗ ಬೇರೆಯವರ ಎದುರು ಮೂತ್ರ ಮಾಡುವ ಹಾಗೂ ಇರಲಿಲ್ಲ. ಯಹೂದಿ ಅಂತ ತೋರಿಸಿಕೊಡುವ ಸುನ್ನತಿ ಕಂಡರೆ ಜೀವಕ್ಕೇ ಕುತ್ತು.

ನನ್ನ ಪ್ರಶ್ನೆ ಇದರ ಮುಂದಿನದು. ಯುದ್ಧ ಮುಗಿಯಿತು, ಬದುಕಿ ಉಳಿದರು. ಆಮೇಲೆ ಬಂದ ಕಮ್ಯುನಿಸ್ಟ್ ಸರ್ಕಾರ ಇದೇ ಮನೆಯವರನ್ನು ಯಾಕೆ ಅನುಮಾನದಿಂದ ನೋಡಿತು? ನಾಜಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಎರಡನೇ ಭಾಗದ ಬಗ್ಗೆ ಯಾರೂ ಜಾಸ್ತಿ ಹೇಳೋದೇ ಇಲ್ಲ. ತಿಳಿದವರು ಹೇಳಿ.

ಸುಮ್ನೆ_ಓದುವೆ:
ಈ ಮನುಷ್ಯ ಹಂಗೇರಿಯವರು ಅಂತಲೇ ಗೊತ್ತಿರಲಿಲ್ಲ. ಅಮೆರಿಕದವರೇ ಅಂದುಕೊಂಡಿದ್ದೆ.

ಪುಟ_ತಿರುವಿ:
ಆ ಪುಸ್ತಕ ನಾನೂ ಓದಿದ್ದೇನೆ. ಪಾರ್ಕಿನ ಪ್ರಸಂಗ ನೆನಪಿದೆಯಾ? ಪುಟ್ಟ ಆಂಡ್ರಾಶ್ ಒಂದು ಹುಡುಗಿ ಜೊತೆ ಆಟ ಆಡುತ್ತಿದ್ದಾನೆ. ಆ ಹುಡುಗಿ ಇದ್ದಕ್ಕಿದ್ದ ಹಾಗೆ, ಏಸುವನ್ನು ಕೊಂದವರು ಯಹೂದಿಗಳು, ಅದಕ್ಕೇ ಯಹೂದಿಗಳನ್ನೆಲ್ಲ ಡ್ಯಾನ್ಯೂಬ್ ನದಿಗೆ ಎಸೆಯುತ್ತಾರೆ ಅಂದುಬಿಡುತ್ತಾಳೆ. ಇವನು ಅಳುತ್ತಾ ಅಮ್ಮನ ಹತ್ತಿರ ಓಡುತ್ತಾನೆ. ಆ ವಯಸ್ಸಿನ ಮಗು ಇಂಥ ಮಾತನ್ನು ಎಲ್ಲಿಂದ ಕಲಿಯಿತು ಅನ್ನೋದೇ ನನ್ನನ್ನು ಕೊರೆದದ್ದು. ಮನೆಯಲ್ಲಿ ದೊಡ್ಡವರು ಆಡಿದ್ದು ಕೇಳಿಸಿಕೊಂಡಿದ್ದಾಳೆ, ಇನ್ನೇನು.

ಕೆಂಪುಮಣ್ಣು:
ಪ್ರಶ್ನೆ ಕೇಳಿದ ರೀತಿಯೇ ನನಗೆ ಸರಿ ಅನ್ನಿಸಲಿಲ್ಲ. ಆ ಹುಡುಗನ ಜೀವ ಉಳಿಸಿದ್ದು ಯಾರು? ಸೋವಿಯತ್ ಸೇನೆ. 1945ರ ಜನವರಿಯಲ್ಲಿ ಅವರು ಬುಡಾಪೆಸ್ಟ್ ನಗರದ ಪೆಸ್ಟ್ ಭಾಗಕ್ಕೆ ನುಗ್ಗದೇ ಇದ್ದಿದ್ದರೆ ಘೆಟ್ಟೋ ಅನ್ನೋ ಬೇಲಿ ಹಾಕಿದ ಕೇರಿಯಲ್ಲಿ ಕೂಡಿಹಾಕಿದ್ದ ಸುಮಾರು 70,000 ಯಹೂದಿಗಳ ಗತಿ ಏನಾಗುತ್ತಿತ್ತು? ಗ್ಯಾಸ್ ಚೇಂಬರ್ ನಡೆಸಿದವರನ್ನೂ, ಅದರ ಬಾಗಿಲು ತೆಗೆಸಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ.

ಚಿಪ್‌ಹುಡುಗ_ಬೆಂಗಳೂರು:
@ಕೆಂಪುಮಣ್ಣು ನಾನು ಎರಡೂ ಒಂದೇ ಅಂದಿಲ್ಲ ಸರ್. ಜೀವ ಉಳಿಸಿದವರು ಆಮೇಲೆ ಹೇಗೆ ನಡೆಸಿಕೊಂಡರು ಅಂತ ಕೇಳಿದೆ, ಅಷ್ಟೇ.

ತುಂಗೆಯ_ತೀರ:
@ಕೆಂಪುಮಣ್ಣು ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯವೂ ಇದೆ. ಬಿಡಿಸಲು ಬಂದ ಸೇನೆಯ ಸೈನಿಕನೊಬ್ಬ ಆ ತಾಯಿಯ ಮೇಲೆ ಅತ್ಯಾಚಾರ ಮಾಡಿದ. ಮಗ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ತಿಂಗಳುಗಟ್ಟಲೆ ಮಗನನ್ನು ಕಾಪಾಡಿದ ಹೆಂಗಸು ಆಕೆ. ಬುಡಾಪೆಸ್ಟ್‌ನಲ್ಲಿ ಆ ಚಳಿಗಾಲ ಎಷ್ಟೋ ಹೆಂಗಸರಿಗೆ ಹೀಗೇ ಆಯಿತು. ಆದರೆ ಆ ಸೇನೆ ನಿಮ್ಮನ್ನು ಬಿಡುಗಡೆ ಮಾಡಿದೆ ಅಂತ ಸರ್ಕಾರವೇ ಹೇಳುವಾಗ ಅವರು ಯಾರ ಹತ್ತಿರ ದೂರು ಕೊಡಬೇಕಿತ್ತು? ಮುಂದಿನ ನಲವತ್ತು ವರ್ಷ ಇದನ್ನು ಬಾಯಿಬಿಟ್ಟು ಹೇಳುವ ಹಾಗೇ ಇರಲಿಲ್ಲ. ಬಾಗಿಲು ತೆಗೆಸಿದರು ಅನ್ನೋದು ನಿಜ. ಒಳಗೆ ಬಂದು ಏನು ಮಾಡಿದರು ಅನ್ನೋದನ್ನೂ ಹೇಳಬೇಕು.

ಕೆಂಪುಮಣ್ಣು:
ಅದನ್ನು ಯಾರೂ ಸಮರ್ಥಿಸಲ್ಲ. ಆದರೆ ಆ ಸೈನಿಕ ಮಾಡಿದ್ದು ಅಪರಾಧ, ನಾಜಿಗಳು ಮಾಡಿದ್ದು ಇಡೀ ಜನಾಂಗವನ್ನೇ ಅಳಿಸುವ ಯೋಜನೆ. ವ್ಯತ್ಯಾಸ ಇದೆ, ಅದನ್ನು ನಾನು ಬಿಟ್ಟುಕೊಡಲ್ಲ.

ಇತಿಹಾಸ_ಮೇಷ್ಟ್ರು:
ಜಗಳಕ್ಕೆ ಮುಂಚೆ 1944ರಲ್ಲಿ ಏನಾಯಿತು ಅಂತ ಸ್ವಲ್ಪ ಸರಿಯಾಗಿ ನೋಡೋಣ. ಅದು ತಿಳಿಯದೆ ಮುಂದಿನದು ಅರ್ಥ ಆಗೋದಿಲ್ಲ.

ಹಂಗೇರಿ ಜರ್ಮನಿಯ ಮಿತ್ರ ದೇಶ. ಹಿಟ್ಲರ್ ಹೇಳುವ ಮುಂಚೆಯೇ ಅಲ್ಲಿ ಯಹೂದಿಗಳ ವಿರುದ್ಧ ಕಾನೂನು ಇದ್ದವು. 1920ರಲ್ಲೇ ವಿಶ್ವವಿದ್ಯಾಲಯಗಳಲ್ಲಿ ಅವರ ಸೀಟಿಗೆ ಮಿತಿ ಹಾಕಿದ್ದರು. 1938ರಿಂದ ಕೆಲಸ, ವ್ಯಾಪಾರ, ಮದುವೆ ಎಲ್ಲದಕ್ಕೂ ಒಂದೊಂದಾಗಿ ಕಟ್ಟು ಬಂತು. ಯುದ್ಧದಲ್ಲಿ ಯಹೂದಿ ಗಂಡಸರ ಕೈಗೆ ಬಂದೂಕು ಕೊಡಲಿಲ್ಲ. ಗುದ್ದಲಿ ಕೊಟ್ಟು ರಷ್ಯಾ ಗಡಿಗೆ ಕಳಿಸಿದರು. ಕಂದಕ ತೋಡುವುದು, ನೆಲಬಾಂಬ್ ತೆಗೆಯುವುದು. ಗ್ರೋವ್ ಅವರ ಅಪ್ಪ ಹೋಗಿದ್ದು ಇದಕ್ಕೇ. 1943ರ ಜನವರಿಯಲ್ಲಿ ಡಾನ್ ನದಿ ಹತ್ತಿರ ಹಂಗೇರಿಯ ಎರಡನೇ ಸೇನೆ ಪೂರ್ತಿ ಚದುರಿಹೋಯಿತು. ಜೊತೆಗಿದ್ದ ಕೂಲಿ ಪಡೆಯವರಲ್ಲಿ ಸಾವಿರಾರು ಜನ ಸತ್ತರು.

1944ರ ಮಾರ್ಚ್ 19ಕ್ಕೆ ಜರ್ಮನ್ ಸೇನೆ ಒಳಗೆ ಬಂತು. ಮೇ 15ರಿಂದ ಜುಲೈ 9ರೊಳಗೆ, ಅಂದರೆ ಎರಡು ತಿಂಗಳೂ ಆಗಿಲ್ಲ, ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೂ ಜಾಸ್ತಿ ಯಹೂದಿಗಳನ್ನು ರೈಲಿಗೆ ತುಂಬಿದರು. ಬಹುತೇಕ ಎಲ್ಲರೂ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ. ಇದರ ಹೊಣೆ ಹೊತ್ತ ನಾಜಿ ಅಧಿಕಾರಿ ಐಶ್‌ಮನ್ ಜೊತೆ ಬಂದ ತಂಡ ಚಿಕ್ಕದು. ಮನೆ ಮನೆಗೆ ಹೋಗಿ ಹಿಡಿದು ತಂದದ್ದು ಹಂಗೇರಿಯ ಪೊಲೀಸರೇ. ಮೊದಲು ಹಳ್ಳಿ, ಸಣ್ಣ ಊರು. ಬುಡಾಪೆಸ್ಟ್ ಕೊನೆಗೆ ಅಂತ ಲೆಕ್ಕ. ಜುಲೈ ಮೊದಲ ವಾರ ಹಂಗೇರಿಯ ಆಡಳಿತ ಮುಖ್ಯಸ್ಥ ಹೊರ್ತಿ ರೈಲು ನಿಲ್ಲಿಸಿದ್ದರಿಂದ ರಾಜಧಾನಿಯವರು ಆಗ ಉಳಿದುಕೊಂಡರು. ಗ್ರೋವ್ ಹಳ್ಳಿಯಲ್ಲಿದ್ದಿದ್ದರೆ ನಮಗೆ ಆ ಹೆಸರೇ ಗೊತ್ತಾಗುತ್ತಿರಲಿಲ್ಲ.

ಅಕ್ಟೋಬರ್ 15ಕ್ಕೆ ಆರೋ ಕ್ರಾಸ್ ಅನ್ನೋ ಹಂಗೇರಿಯ ನಾಜಿ ಪಕ್ಷ ಅಧಿಕಾರ ಹಿಡಿಯಿತು. ಆಮೇಲೆ ಬೀದಿಯಲ್ಲೇ ಕೊಲೆ ಶುರು.

ಬುಡಾಪೆಸ್ಟ್_ಕನ್ನಡಿಗ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು. ನಾನು ಕೆಲಸದ ಮೇಲೆ ಇಲ್ಲೇ ಇದ್ದೇನೆ. ಸಂಸತ್ ಭವನದ ಹತ್ತಿರ ಡ್ಯಾನ್ಯೂಬ್ ದಡದಲ್ಲಿ ಕಬ್ಬಿಣದ ಅರವತ್ತು ಜೊತೆ ಶೂಗಳಿವೆ. 2005ರಲ್ಲಿ ಇಟ್ಟ ಸ್ಮಾರಕ. ಆರೋ ಕ್ರಾಸ್‌ನವರು ಜನರನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸುತ್ತಿದ್ದರು. ಶೂಗೆ ಬೆಲೆ ಇತ್ತು, ಅದಕ್ಕೆ ಬಿಚ್ಚಿಸುತ್ತಿದ್ದರು. ಹಿಮ್ಮಡಿ ಸವೆದ ಗಂಡಸರ ಶೂ ಇದೆ, ಹೆಂಗಸರದ್ದಿದೆ. ಅವುಗಳ ನಡುವೆ ಮಕ್ಕಳದ್ದೂ ಇದೆ. ಪಾರ್ಕಿನ ಆ ಹುಡುಗಿ ಹೇಳಿದ ಮಾತು ಅಕ್ಷರಶಃ ಇಲ್ಲೇ ನಡೆದುಹೋಯಿತು.

ಇಲ್ಲಿ ಊರ ತುಂಬಾ 'ಹಳದಿ ನಕ್ಷತ್ರದ ಮನೆ'ಗಳಿದ್ದವು. 1944ರ ಜೂನ್‌ನಲ್ಲಿ ಸುಮಾರು 2,000 ಕಟ್ಟಡಗಳನ್ನು ಗುರುತು ಮಾಡಿ, ಯಹೂದಿಗಳೆಲ್ಲ ಅದರಲ್ಲೇ ಇರಬೇಕು ಅಂತ ತುಂಬಿಸಿದ್ದರು. ಈಗಲೂ ಆ ಕಟ್ಟಡಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಎಷ್ಟೋ ಜನರಿಗೆ ತಮ್ಮ ಮನೆ ಅಂಥದ್ದು ಅಂತ ಗೊತ್ತೇ ಇಲ್ಲ.

ಕಾಫಿತೋಟ:
ಯುದ್ಧಕ್ಕೆ ಮುಂಚೆ ಓಡಿಬಂದ ಯಹೂದಿಗಳಲ್ಲಿ ಕೆಲವರು ನಮ್ಮ ಬೆಂಗಳೂರಿಗೂ ಬಂದಿದ್ದರು, ಗೊತ್ತಾ? ಜರ್ಮನಿಯ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅವರ ಕಟ್ಟಡಗಳು ಇವತ್ತಿಗೂ ಇವೆ. ಅದಕ್ಕೂ ಮುಂಚೆ, 1935ರಲ್ಲಿ, ಸಿ.ವಿ. ರಾಮನ್ ಅವರು ಮ್ಯಾಕ್ಸ್ ಬಾರ್ನ್ ಅವರನ್ನು ಅಲ್ಲಿಗೇ ಕರೆಸಿದ್ದರು. ಕಾಯಂ ಹುದ್ದೆ ಕೊಡಿಸೋಕೆ ಆಗಲಿಲ್ಲ, ಅವರು ವಾಪಸ್ ಹೋದರು. ಆಮೇಲೆ ನೊಬೆಲ್ ಬಂತು.

ಸುಮ್ನೆ_ಓದುವೆ:
ಹೌದಾ! ಇದರ ಬಗ್ಗೆ ಇನ್ನೂ ಹೇಳಿ. ಹುದ್ದೆ ಯಾಕೆ ಸಿಗಲಿಲ್ಲ?

ನಿರ್ವಾಹಕಿ:
ಒಳ್ಳೆ ವಿಷಯ, ಆದರೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಇತಿಹಾಸ_ಮೇಷ್ಟ್ರು:
ಉತ್ತರಕ್ಕೆ ಬರುತ್ತೇನೆ. ಗ್ರೋವ್ ಅವರ ಅಪ್ಪ ಗೆಳೆಯರ ಜೊತೆ ಸೇರಿ ಸಣ್ಣದೊಂದು ಡೈರಿ ನಡೆಸುತ್ತಿದ್ದರು. ಯುದ್ಧ ಮುಗಿದ ಮೇಲೆ ಗುರುತೇ ಸಿಗದಷ್ಟು ಬಡಕಲಾಗಿ ಬದುಕಿ ಬಂದರು. ಆ ವ್ಯಾಪಾರವನ್ನು ಸರ್ಕಾರ ವಶ ಮಾಡಿಕೊಂಡಿತು. ಹಾಲಿನ ವ್ಯಾಪಾರದಲ್ಲಿ ಪಾಲು ಇದ್ದದ್ದೇ ಅವರನ್ನು 'ಶೋಷಕ ವರ್ಗ'ದ ಪಟ್ಟಿಗೆ ತಳ್ಳಲು ಸಾಕಾಗಿತ್ತು.

ಆಗ ಹಂಗೇರಿಯಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಒಂದು ಅಕ್ಷರ ಇರುತ್ತಿತ್ತು. ಕಾರ್ಮಿಕರ ಮಕ್ಕಳಿಗೆ ಒಂದು, ರೈತರ ಮಕ್ಕಳಿಗೆ ಒಂದು, ಓದು ಬರಹದ ಕೆಲಸದವರ ಮಕ್ಕಳಿಗೆ ಇನ್ನೊಂದು. 'ವರ್ಗದ ಹೊರಗಿನವರು' ಅಂದರೆ 'ಎಕ್ಸ್'. ಆ ಎಕ್ಸ್ ಬಿದ್ದರೆ ಎಷ್ಟೇ ಮಾರ್ಕ್ಸ್ ಬಂದರೂ ಕಾಲೇಜಿನ ಬಾಗಿಲು ತೆರೆಯುವುದು ಕಷ್ಟ. ಅಂಗಡಿ, ಕಾರ್ಖಾನೆ, ವಕೀಲಿಕೆ ಇಟ್ಟುಕೊಂಡಿದ್ದ ಯಹೂದಿ ಮನೆಗಳು ಬುಡಾಪೆಸ್ಟ್‌ನಲ್ಲಿ ಬಹಳ ಇದ್ದವು. ಹಾಗಾಗಿ ಯಾವ ಕಾನೂನಿನಲ್ಲೂ 'ಯಹೂದಿ' ಅಂತ ಬರೆಯದೇ ಇದ್ದರೂ ಪೆಟ್ಟು ಅವರಿಗೆ ಜಾಸ್ತಿಯೇ ಬಿತ್ತು. 1951ರಲ್ಲಿ ಸಾವಿರಾರು ಜನರನ್ನು ಬುಡಾಪೆಸ್ಟ್ ಮನೆಗಳಿಂದ ಎಬ್ಬಿಸಿ ಹಳ್ಳಿಗಳಿಗೆ ಅಟ್ಟಿದರು. ಅದರಲ್ಲಿ ಏಳು ವರ್ಷದ ಹಿಂದೆ ಸಾವಿನಿಂದ ತಪ್ಪಿಸಿಕೊಂಡಿದ್ದ ಯಹೂದಿಗಳೂ ಇದ್ದರು.

ಹಳೇಬೇರು:
ಆದರೆ ಆ ಸರ್ಕಾರ ನಡೆಸಿದವರೇ ಯಹೂದಿಗಳಲ್ವಾ? ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ರಾಕೋಶಿ ಯಾರು? ರಹಸ್ಯ ಪೊಲೀಸ್ ಮುಖ್ಯಸ್ಥ ಗಾಬೋರ್ ಪೇಟರ್ ಯಾರು? ಇದನ್ನು ಯಾಕೆ ಹೇಳಲ್ಲ?

ಇತಿಹಾಸ_ಮೇಷ್ಟ್ರು:
@ಹಳೇಬೇರು ಹೇಳೋಣ, ಪೂರ್ತಿ ಹೇಳೋಣ. ರಾಕೋಶಿ ಹುಟ್ಟಿನಿಂದ ಯಹೂದಿ, ನಿಜ. ಧರ್ಮ ಬಿಟ್ಟು ದಶಕಗಳಾಗಿದ್ದವು. ಯಹೂದಿ ವ್ಯಾಪಾರಿಗಳ ಆಸ್ತಿ ಕಿತ್ತುಕೊಳ್ಳುವಾಗ ಅವನು ಹಿಂದೆ ಮುಂದೆ ನೋಡಲಿಲ್ಲ. ಗಾಬೋರ್ ಪೇಟರ್‌ನನ್ನೇ 1953ರ ಜನವರಿಯಲ್ಲಿ ಬಂಧಿಸಿದರು, ಅದೂ ಜಿಯೋನಿಸ್ಟ್ (ಯಹೂದಿಗಳಿಗೆ ತಮ್ಮದೇ ದೇಶ ಬೇಕು ಅನ್ನುವವರ) ಸಂಚು ಅಂತ. ಅದೇ ತಿಂಗಳು ಮಾಸ್ಕೋದಲ್ಲಿ ಯಹೂದಿ ಡಾಕ್ಟರುಗಳು ನಾಯಕರಿಗೆ ವಿಷ ಹಾಕುತ್ತಿದ್ದಾರೆ ಅಂತ ಸ್ಟಾಲಿನ್ ಕಡೆಯವರು ಕಥೆ ಕಟ್ಟಿದರು. ಎರಡು ತಿಂಗಳ ಮುಂಚೆ ಪ್ರಾಗ್‌ನಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕ ಸ್ಲಾನ್ಸ್ಕಿ ಮತ್ತು ಜೊತೆಯವರ ವಿಚಾರಣೆ. ಹದಿನಾಲ್ಕು ಆರೋಪಿಗಳಲ್ಲಿ ಹನ್ನೊಂದು ಜನ ಯಹೂದಿಗಳು. ಒಟ್ಟು ಹನ್ನೊಂದು ಜನರಿಗೆ ಗಲ್ಲು. ಮಾರ್ಚ್ 5ಕ್ಕೆ ಸ್ಟಾಲಿನ್ ಸತ್ತಿದ್ದರಿಂದ ಅದು ಅಷ್ಟಕ್ಕೆ ನಿಂತಿತು.

ನಾಲ್ಕು ಜನ ನಾಯಕರ ಹುಟ್ಟು ನೋಡಿ ಇಡೀ ಸಮುದಾಯದ ಮೇಲೆ ಹೊರೆ ಹಾಕುವುದು ಆ ಕಾಲದ ಯಹೂದಿ ದ್ವೇಷಿಗಳು ಮಾಡಿದ ಕೆಲಸ. ನಾವು ಅದನ್ನು ಮುಂದುವರಿಸುವುದು ಬೇಡ.

ತುಂಗೆಯ_ತೀರ:
ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ.

ಹಳೇಬೇರು:
ಆಯ್ತು. ಆದರೆ ಅನೇಕ ಯಹೂದಿಗಳು ತಾವಾಗಿಯೇ ಪಕ್ಷ ಸೇರಿದ್ದಂತೂ ಹೌದು ತಾನೇ?

ಕೆಂಪುಮಣ್ಣು:
ಸೇರದೇ ಇನ್ನೇನು ಮಾಡುತ್ತಾರೆ? ಹಳೆಯ ಹಂಗೇರಿ ಅವರನ್ನು ರೈಲಿಗೆ ತುಂಬಿ ಕಳಿಸಿತು. ನೆರೆಯವರು ಮನೆ, ಪಾತ್ರೆ, ಮಂಚ ಎಲ್ಲ ಎತ್ತಿಕೊಂಡರು. ಆಗ ಒಂದು ಪಕ್ಷ ಬಂದು, ಇನ್ನು ಮೇಲೆ ಯಾರು ಯಾವ ಧರ್ಮ ಅಂತ ಕೇಳೋದೇ ಇಲ್ಲ ಅಂದರೆ, ನಂಬಬೇಕು ಅನ್ನಿಸುತ್ತೆ. ಅದನ್ನು ತಪ್ಪು ಅಂತ ಹೇಳುವ ಹಕ್ಕು ನಮಗಿಲ್ಲ.

ಪುಟ_ತಿರುವಿ:
ಇದು ನೀವು ಹೇಳಿದ್ದರಲ್ಲಿ ನಾನು ಪೂರ್ತಿ ಒಪ್ಪುವ ಮಾತು.

ಬುಡಾಪೆಸ್ಟ್_ಕನ್ನಡಿಗ:
ಕೇಳೋದೇ ಇಲ್ಲ ಅನ್ನೋದಕ್ಕೆ ಇನ್ನೊಂದು ಮುಖ ಇದೆ. ನಾನು ಬಾಡಿಗೆಗಿರುವ ಮನೆಯ ಓನರ್ ವಯಸ್ಸಾದ ಹೆಂಗಸು. ಅವರಿಗೆ ತಾನು ಯಹೂದಿ ಅಂತ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ. ಅಪ್ಪ ಅಮ್ಮ ಇಬ್ಬರೂ ಯುದ್ಧದಲ್ಲಿ ಬಚ್ಚಿಟ್ಟುಕೊಂಡು ಬದುಕಿದವರಂತೆ. ಮಗಳಿಗೆ ಒಂದು ಮಾತೂ ಹೇಳಿರಲಿಲ್ಲ. ಸ್ಕೂಲಿನಲ್ಲಿ ಮಗಳೇ ಯಹೂದಿಗಳ ಬಗ್ಗೆ ಏನೋ ಕೆಟ್ಟದಾಗಿ ಕೇಳಿಸಿಕೊಂಡು ಬಂದು ಊಟದ ಹೊತ್ತಿನಲ್ಲಿ ಹಾಗೇ ಹೇಳಿದಾಗ, ಅಮ್ಮ ಸೌಟು ಕೆಳಗಿಟ್ಟು, 'ನೀನೂ ಅವರೇ' ಅಂದರಂತೆ. ಆಮೇಲೆ ಮತ್ತೆ ಆ ವಿಷಯ ಎತ್ತಲಿಲ್ಲವಂತೆ. ಇಲ್ಲಿ ಇಂಥ ಕಥೆ ಒಂದೆರಡಲ್ಲ, ನಾನೇ ಬೇರೆಯವರಿಂದಲೂ ಕೇಳಿದ್ದೇನೆ. ಬೇಟೆ ನಿಂತರೂ ಅವಿತುಕೊಳ್ಳೋದು ನಿಲ್ಲಲಿಲ್ಲ.

ಚಿಪ್‌ಹುಡುಗ_ಬೆಂಗಳೂರು:
ಗ್ರೋವ್ ಅವರ ವಿಷಯದಲ್ಲೂ ಅದೇ ಕಾಣುತ್ತೆ. ಹುಡುಗನಿಗೆ ಪತ್ರಕರ್ತ ಆಗುವ ಆಸೆ. ಮಕ್ಕಳ ಪತ್ರಿಕೆಗೆ ಬರೆಯುತ್ತಿದ್ದ. ಸಂಬಂಧಿಕರಲ್ಲಿ ಪತ್ರಕರ್ತರಾಗಿದ್ದ ಒಬ್ಬರನ್ನು ಸರ್ಕಾರ ಹಿಡಿದು ಒಳಗೆ ಹಾಕಿತು. ಅದಾದ ಮೇಲೆ ಇವನ ಬರಹ ಅಚ್ಚಾಗೋದು ನಿಂತೇ ಹೋಯಿತು. ಯಾರೂ ಕಾರಣ ಹೇಳಲಿಲ್ಲ. ಅಪ್ಪನ ಕೆಲಸಕ್ಕೂ ಪೆಟ್ಟು ಬಿತ್ತು. ಆಗ ಹುಡುಗ ರಸಾಯನಶಾಸ್ತ್ರದ ಕಡೆ ತಿರುಗಿದ. ರಾಜಕೀಯದವರ ಮೂಡ್ ನೋಡಿಕೊಂಡು ತನ್ನ ಕೆಲಸಕ್ಕೆ ಬೆಲೆ ಕಟ್ಟುವ ಕಡೆ ಇರಬಾರದು ಅಂತ. ಪ್ರಯೋಗಶಾಲೆಯಲ್ಲಿ ಉತ್ತರ ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು. ಇಂಟೆಲ್‌ನಲ್ಲಿ ಅವರು ಡೇಟಾ ತೋರಿಸಿ ಅಂತ ಎಲ್ಲರ ಮೇಲೂ ಹರಿಹಾಯುತ್ತಿದ್ದದ್ದು ಎಲ್ಲಿಂದ ಬಂತು ಅಂತ ನನಗೆ ಈಗ ಅರ್ಥವಾಯಿತು.

ಕಾಫಿತೋಟ:
ಅದು ಸ್ವಲ್ಪ ಜಾಸ್ತಿ ಆಯ್ತು. ಡೇಟಾ ಕೇಳುವ ಬಾಸ್‌ಗಳಿಗೆಲ್ಲ ಹಂಗೇರಿಯೇ ಕಾರಣ ಅಲ್ಲ.

ಚಿಪ್‌ಹುಡುಗ_ಬೆಂಗಳೂರು:
ಎಲ್ಲ ಬಾಸ್‌ಗಳಿಗೆ ಅಂದಿಲ್ಲ, ಇವರಿಗೆ ಅಂದೆ. ಪತ್ರಿಕೆ ಬಿಟ್ಟು ವಿಜ್ಞಾನಕ್ಕೆ ಬಂದ ಕಾರಣವನ್ನು ಅವರೇ ಬರೆದಿದ್ದಾರೆ.

ಪುಟ_ತಿರುವಿ:
ನೀವೆಲ್ಲ ಗ್ರೋವ್ ಸುತ್ತಲೇ ತಿರುಗುತ್ತಿದ್ದೀರಿ. ಅವರು 1956ರಲ್ಲೇ ಹೊರಟುಹೋದರು. ಕೊನೆಯವರೆಗೂ ಕಮ್ಯುನಿಸ್ಟ್ ದೇಶದಲ್ಲೇ ಉಳಿದವರನ್ನು ನೋಡಿ. ಪೋಲೆಂಡಿನ ಮಿಖಾವ್ ಗ್ವೊವಿನ್‌ಸ್ಕಿ. ಹುಟ್ಟಿದ್ದು 1934. ವಾರ್ಸಾ ಘೆಟ್ಟೋದಿಂದ ಹೊರಗೆ ಬಂದ ಮಗು. ಅವರನ್ನು ದೂರದ ತುರ್ಕೊವಿತ್ಸೆ ಅನ್ನೋ ಹಳ್ಳಿಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಅನಾಥಾಶ್ರಮದಲ್ಲಿ ಅಡಗಿಸಿಟ್ಟರು.

ಅವರು ಬರೆದಿರುವ ಒಂದು ಪ್ರಸಂಗ ಮರೆಯೋಕೆ ಆಗಲ್ಲ. ಸಂಬಂಧಿ ಹೆಂಗಸೊಬ್ಬರು ಮಗುವನ್ನು ಒಂದು ಕೇಕ್ ಅಂಗಡಿಯಲ್ಲಿ ಕೂರಿಸಿ, ಮುಂದೆ ಒಂದು ಕೇಕ್ ಇಡಿಸಿ, ಫೋನ್ ಮಾಡಲು ಆಚೆ ಹೋಗುತ್ತಾರೆ. ಕಾಲು ಗಂಟೆ ಅಷ್ಟೇ. ಅಲ್ಲಿದ್ದ ಹೆಂಗಸರು ಮಗುವನ್ನೇ ದಿಟ್ಟಿಸಲು ಶುರು ಮಾಡುತ್ತಾರೆ. ಪಿಸುಮಾತು. ಯಹೂದಿ ಮಗು ಇರಬೇಕು. ಪೊಲೀಸರಿಗೆ ಹೇಳಬೇಕಲ್ಲ. ಒಬ್ಬೊಬ್ಬರಾಗಿ ಹತ್ತಿರ ಬಂದು ಹೆಸರೇನು, ಅಪ್ಪ ಅಮ್ಮ ಎಲ್ಲಿ ಅಂತ ಕೇಳುತ್ತಾರೆ. ಅವರಾರೂ ರಾಕ್ಷಸಿಯರಲ್ಲ, ಕಾಫಿ ಕುಡಿಯಲು ಬಂದ ಸಾಮಾನ್ಯ ಹೆಂಗಸರು. ಅದೇ ಭಯಂಕರ. ಆ ಸಂಬಂಧಿ ಹೊತ್ತಿಗೆ ಸರಿಯಾಗಿ ವಾಪಸ್ ಬಂದದ್ದರಿಂದ ಮಗು ಉಳಿಯಿತು.

ದೊಡ್ಡವರಾದ ಮೇಲೆ ಅವರು ಸಾಹಿತ್ಯ ವಿದ್ವಾಂಸರಾದರು. ಕಮ್ಯುನಿಸ್ಟ್ ಸರ್ಕಾರದ ಪತ್ರಿಕೆ, ಭಾಷಣಗಳಲ್ಲಿ ಸುಳ್ಳನ್ನು ಹೇಗೆ ಹೆಣೆಯುತ್ತಾರೆ ಅಂತ ವರ್ಷಗಟ್ಟಲೆ ಟಿಪ್ಪಣಿ ಮಾಡಿಟ್ಟರು. ತಮ್ಮ ಬಾಲ್ಯದ ಬಗ್ಗೆ ಮಾತ್ರ 1998ರವರೆಗೆ ಪುಸ್ತಕ ತರಲಿಲ್ಲ. 2023ರಲ್ಲಿ ತೀರಿಕೊಂಡರು.

ತುಂಗೆಯ_ತೀರ:
ಪೋಲೆಂಡಿನಲ್ಲಿ 1968 ಕೂಡ ಆಯಿತಲ್ಲ. ಗೊಮುಲ್ಕಾ ಸರ್ಕಾರ ವಿದ್ಯಾರ್ಥಿ ಪ್ರತಿಭಟನೆಗೆ ಜಿಯೋನಿಸ್ಟರೇ ಕಾರಣ ಅಂತ ಪ್ರಚಾರ ಶುರು ಮಾಡಿತು. ಕೆಲಸದಿಂದ ತೆಗೆದರು, ಪಕ್ಷದಿಂದ ಹೊರಹಾಕಿದರು. ಸುಮಾರು 13,000 ಜನ ದೇಶ ಬಿಟ್ಟರು. ಹೋಗುವಾಗ ಪೌರತ್ವ ಬಿಟ್ಟುಕೊಡಬೇಕು. ಕೈಗೆ ಕೊಡುತ್ತಿದ್ದ ಪ್ರಯಾಣದ ಕಾಗದದಲ್ಲಿ 'ಇದನ್ನು ಹೊಂದಿರುವವರು ಪೋಲೆಂಡಿನ ಪ್ರಜೆಯಲ್ಲ' ಅಂತಲೇ ಇರುತ್ತಿತ್ತು. ಬಾಲ್ಯದಲ್ಲಿ ಸುಳ್ಳು ಕಾಗದ ಇಟ್ಟುಕೊಂಡು ಬದುಕಿದ್ದವರಿಗೆ ನಡುವಯಸ್ಸಿನಲ್ಲಿ ಸರ್ಕಾರವೇ ಇಂಥ ಕಾಗದ ಕೊಟ್ಟಿತು.

@ಕೆಂಪುಮಣ್ಣು, ಇದಕ್ಕೆ ಏನು ಹೇಳುತ್ತೀರಿ?

ಕೆಂಪುಮಣ್ಣು:
ನಾಚಿಕೆಗೇಡು ಅಂತ ಹೇಳುತ್ತೇನೆ. ಸಮಾನತೆ ಅಂತ ಬಂದವರು ಹಳೇ ದ್ವೇಷವನ್ನೇ ಹೊಸ ಹೆಸರಿನಲ್ಲಿ ಬಳಸಿದರು. ಆದರೂ ನನ್ನ ಮೊದಲ ಮಾತು ಹಾಗೇ ಇದೆ. 1945 ಇಲ್ಲದಿದ್ದರೆ 1968ಕ್ಕೆ ಹೊರಹಾಕಲು ಯಾರೂ ಉಳಿದಿರುತ್ತಿರಲಿಲ್ಲ.

ನಿರ್ವಾಹಕಿ:
ಕಾಪಾಡಿದವರ ಕಥೆಯನ್ನೂ ಸೇರಿಸಬೇಕು ಅನ್ನಿಸಿತು. ಬುಡಾಪೆಸ್ಟ್‌ನಲ್ಲಿ ಗಾಬೋರ್ ಸ್ಟೆಹ್ಲೋ ಅನ್ನೋ ಲೂಥರನ್ ಪಾದ್ರಿ ಆಶ್ರಯ ಮನೆಗಳನ್ನು ಮಾಡಿ ನೂರಾರು ಯಹೂದಿ ಮಕ್ಕಳನ್ನು ಉಳಿಸಿದರು. ಯುದ್ಧ ಮುಗಿದ ಮೇಲೆ ಅನಾಥ ಮಕ್ಕಳಿಗೆ ಗೌಡಿಯೊಪೊಲಿಸ್ ಅನ್ನೋ ಮಕ್ಕಳ ಗಣರಾಜ್ಯ ಕಟ್ಟಿದರು. ಮಕ್ಕಳೇ ಪ್ರಧಾನಿ, ಮಕ್ಕಳೇ ಮಂತ್ರಿಗಳು, ಮಕ್ಕಳದ್ದೇ ಸಂವಿಧಾನ. ಅಪ್ಪ ಅಮ್ಮನನ್ನು ಕಳೆದುಕೊಂಡ ಯಹೂದಿ ಮಕ್ಕಳೂ, ಆರೋ ಕ್ರಾಸ್ ಕಡೆಯವರ ಮಕ್ಕಳೂ ಒಂದೇ ಮನೆಯಲ್ಲಿ ಊಟ ಮಾಡುತ್ತಿದ್ದರು. 1950ರ ಹೊತ್ತಿಗೆ ಸರ್ಕಾರ ಅದನ್ನೂ ವಶ ಮಾಡಿಕೊಂಡು ಮುಗಿಸಿತು.

ಇತಿಹಾಸ_ಮೇಷ್ಟ್ರು:
ವಾಲೆನ್‌ಬರ್ಗ್ ಅವರನ್ನೂ ಮರೆಯಬೇಡಿ. ಸ್ವೀಡನ್ನಿನ ರಕ್ಷಣಾ ಪತ್ರ ಹಂಚಿ ಸಾವಿರಾರು ಯಹೂದಿಗಳನ್ನು ಉಳಿಸಿದವರು. 1945ರ ಜನವರಿ 17ಕ್ಕೆ ಸೋವಿಯತ್ ಸೇನೆ ಅವರನ್ನು ಹಿಡಿದುಕೊಂಡು ಹೋಯಿತು. ವಾಪಸ್ ಬರಲೇ ಇಲ್ಲ. 1947ರಲ್ಲಿ ಮಾಸ್ಕೋ ಜೈಲಿನಲ್ಲಿ ಸತ್ತರು ಅಂತ ಸೋವಿಯತ್ ಸರ್ಕಾರ ಬಾಯಿಬಿಟ್ಟದ್ದು ಹತ್ತು ವರ್ಷ ಕಳೆದ ಮೇಲೆ. ಪೋಲೆಂಡಿನಲ್ಲಿ ಘೆಟ್ಟೋದಿಂದ ಮಕ್ಕಳನ್ನು ಹೊರತಂದ ಐರೀನಾ ಸೆಂಡ್ಲರ್ ಅವರಿಗೆ ಇಸ್ರೇಲ್ 1965ರಲ್ಲೇ ಗೌರವ ಕೊಟ್ಟಿತು. ಅದನ್ನು ತೆಗೆದುಕೊಳ್ಳಲು ಆಕೆ ಅಲ್ಲಿಗೆ ಹೋಗಲು ಆದದ್ದು 1983ರಲ್ಲಿ. ಅಲ್ಲಿಯವರೆಗೆ ಸರ್ಕಾರ ಪಾಸ್‌ಪೋರ್ಟ್ ಕೊಡಲಿಲ್ಲ.

ಸುಮ್ನೆ_ಓದುವೆ:
ಗ್ರೋವ್ ಹೊರಟದ್ದು ಹೇಗೆ? ಅದನ್ನು ಯಾರೂ ಹೇಳಲಿಲ್ಲ.

ಚಿಪ್‌ಹುಡುಗ_ಬೆಂಗಳೂರು:
1956ರ ಅಕ್ಟೋಬರ್ 23ಕ್ಕೆ ಹಂಗೇರಿಯಲ್ಲಿ ದಂಗೆ ಎದ್ದಿತು. ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕುಗಳು ಬಂದವು. ಯುವಕರನ್ನು ಬೀದಿಯಲ್ಲಿ ಹಿಡಿಯುತ್ತಿದ್ದಾರೆ ಅಂತ ಸುದ್ದಿ. ಇವರಿಗೆ ಇಪ್ಪತ್ತು ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾರೆ. ಹೋಗಲೋ ಬೇಡವೋ ಅಂತ ಮನೆಯವರು ತೊಳಲಾಡುತ್ತಿದ್ದಾಗ ಗಟ್ಟಿಯಾಗಿ ಹೇಳಿದ್ದು ಆಶ್ವಿಟ್ಜ್‌ನಿಂದ ಬದುಕಿ ಬಂದಿದ್ದ ಒಬ್ಬ ಸಂಬಂಧಿ ಹೆಂಗಸು. ಹೊರಡು, ಈಗಲೇ ಹೊರಡು ಅಂದರಂತೆ. ರೈಲಿನಲ್ಲಿ ಗಡಿ ಹತ್ತಿರದವರೆಗೆ, ಅಲ್ಲಿಂದ ಕತ್ತಲಲ್ಲಿ ನಡೆದು ಆಸ್ಟ್ರಿಯಾಕ್ಕೆ. ಆಗ ಸುಮಾರು ಎರಡು ಲಕ್ಷ ಜನ ಹಾಗೇ ದಾಟಿದರು. ಹಳೇ ಸೇನಾ ಹಡಗು ಹತ್ತಿ 1957ರ ಜನವರಿಯಲ್ಲಿ ನ್ಯೂಯಾರ್ಕ್ ಸೇರಿದರು. ಕಿವಿ ಸರಿಯಾಗಿ ಕೇಳಿಸದೇ ಇದ್ದರೂ 1960ರಲ್ಲಿ ಸಿಟಿ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ, 1963ಕ್ಕೆ ಬರ್ಕ್ಲಿಯಲ್ಲಿ ಪಿಎಚ್‌ಡಿ. 1968ರಲ್ಲಿ ಇಂಟೆಲ್ ಶುರುವಾದಾಗಿನಿಂದಲೇ ಅಲ್ಲಿದ್ದರು.

ಹಳೇಬೇರು:
ಆಮೇಲೆ ಹಂಗೇರಿಗೆ ಹೋದರಾ? 1989ರ ನಂತರ ಯಾವ ತೊಂದರೆಯೂ ಇರಲಿಲ್ಲವಲ್ಲ.

ಪುಟ_ತಿರುವಿ:
ಹೋಗಲಿಲ್ಲ. 2016ರಲ್ಲಿ ಸಾಯುವವರೆಗೂ ಒಮ್ಮೆಯೂ ಹೋಗಲಿಲ್ಲ. ಅಪ್ಪ ಅಮ್ಮನನ್ನು ಅಮೆರಿಕಕ್ಕೇ ಕರೆಸಿಕೊಂಡರು.

ಕಾಫಿತೋಟ:
ಅಷ್ಟು ಸಿಟ್ಟಾ?

ಬುಡಾಪೆಸ್ಟ್_ಕನ್ನಡಿಗ:
ಸಿಟ್ಟು ಅಂತಲೇ ಯಾಕೆ ಅಂದುಕೊಳ್ಳಬೇಕು? ಹೋದರೆ ಯಾವ ಹೆಸರಿನ ಹುಡುಗ ಆ ಬೀದಿಯಲ್ಲಿ ಓಡಾಡಬೇಕು, ಗ್ರೋಫ್ ಆಗಿಯೋ ಮಲೆಶೆವಿಚ್ ಆಗಿಯೋ? ಆ ಮನೆಗಳಲ್ಲಿ ಈಗ ಇರುವವರ ಅಜ್ಜ ಆ ಚಳಿಗಾಲ ಎಲ್ಲಿದ್ದ ಅಂತ ಕೇಳಬೇಕಾಗುತ್ತೆ. ಕೇಳಲು ಇಷ್ಟ ಇಲ್ಲದವರು ಬರೋದಿಲ್ಲ.

ಕೆಂಪುಮಣ್ಣು:
@ಪುಟ_ತಿರುವಿ ಗ್ವೊವಿನ್‌ಸ್ಕಿ ಅವರ ಪುಸ್ತಕದ ಹೆಸರು ಮೆಸೇಜ್ ಮಾಡಿ. ಇಂಗ್ಲಿಷ್ ಅನುವಾದ ಸಿಗುತ್ತೆ ಅಲ್ವಾ? ಓದಿ ಬಂದು ಮತ್ತೆ ಜಗಳ ಆಡುತ್ತೇನೆ.

ಪುಟ_ತಿರುವಿ:
ಸಿಗುತ್ತೆ ಸರ್. ಕಳಿಸಿದ್ದೇನೆ, ನೋಡಿ.